ಮೂವತ್ತೆಂಟನೆಯ ಓವರಿನ ಚುಕ್ಕಿಗಳು

ಸುಡುವುದೋ ಹೂಳುವುದೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಕಾಗದ ತುಂಬಿ ಆಗಿತ್ತು.

ನನ್ನ ಗಂಡ ಬಸವಲಿಂಗಪ್ಪ ಸೆಪ್ಟೆಂಬರಿನ ಎರಡನೆಯ ಶನಿವಾರ ತೀರಿಕೊಂಡರು. ಅರವತ್ತೊಂದು ವರ್ಷ. ಕ್ರಿಕೆಟ್ ಮೈದಾನದಿಂದ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದರು. ನಾನು ಬಸ್ಸಿಳಿದು ಒಳಗೆ ಹೋಗುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಲೀಡ್ಸಿನಿಂದ ರಾಮಮೂರ್ತಿಯವರು ಬಂದರು. ಈ ಕಡೆಯ ಕನ್ನಡದವರ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಅವರೇ ಮುಂದೆ ನಿಲ್ಲುವುದು. ಒಳ್ಳೆಯ ಮನುಷ್ಯರು. ನನ್ನ ಮಗಳು ಪ್ರೇರಣಾ ಅವರ ಪಕ್ಕ ಕೂತು ಅಳುತ್ತಿದ್ದಳು. ನಾನು ಅಳಲಿಲ್ಲ. ಇವರ ಪಾದ ಹಿಡಿದುಕೊಂಡು ಕೂತಿದ್ದೆ. ರಾಮಮೂರ್ತಿಯವರು ಅಂತ್ಯಕ್ರಿಯೆ ಮಾಡಿಸುವವರಿಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದರು, ನನಗೆ ತಿಳಿಯಲಿಲ್ಲ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಧರ್ಮ, ಹಿಂದೂ. ದಹನ. ಮುಂದಿನ ಶುಕ್ರವಾರ ಎರಡೂವರೆಗೆ ಜಾಗ ಸಿಕ್ಕಿತು.

ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ತೊಟ್ಟಿಲ ಕೂಸಾಗಿದ್ದಾಗ ಕೊರಳಿಗೆ ಕಟ್ಟಿದ ಲಿಂಗ ಮಣ್ಣಿಗೂ ಜೊತೆಗೇ ಹೋಗುತ್ತದೆ. ರಾಮಮೂರ್ತಿಯವರಿಗೆ ನಾವು ಇಪ್ಪತ್ತು ವರ್ಷದಿಂದ ಗೊತ್ತು. ಆದರೆ ಇಲ್ಲಿ ಕನ್ನಡದವರು ಒಬ್ಬರನ್ನೊಬ್ಬರು ಊರು ಕೇಳುತ್ತಾರೆ, ಕೆಲಸ ಕೇಳುತ್ತಾರೆ, ಜಾತಿ ಕೇಳುವುದಿಲ್ಲ. ಕೇಳಬಾರದು ಅಂತಲೇ ಇದ್ದಾರೆ. ಅದು ಮರ್ಯಾದೆ. ಯುಗಾದಿಗೆ ಒಟ್ಟಿಗೆ ಒಬ್ಬಟ್ಟು ತಿಂದು, ಒಬ್ಬರ ಮನೆಯಲ್ಲಿ ಸಾವಾದರೆ ಹೇಗೆ ಎತ್ತುತ್ತಾರೆ ಅನ್ನುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇಪ್ಪತ್ತು ವರ್ಷ ಕಳೆದಿದ್ದೆವು.

ನನ್ನ ಗಂಡ ದಾವಣಗೆರೆಯವರು. ಇವರ ಅಪ್ಪ ಹತ್ತಿಗಿರಣಿಯಲ್ಲಿದ್ದರು, ಇವರೂ ಅಲ್ಲೇ ಸೇರಿದರು. ಮಗ್ಗ ಕೆಟ್ಟರೆ ರಿಪೇರಿ ಮಾಡುವ ಕೆಲಸ. ಗಿರಣಿ ಮುಚ್ಚಿತು. ಇವರ ಹಳೆಯ ಸಾಹೇಬರೊಬ್ಬರು ಹಡರ್ಸ್‌ಫೀಲ್ಡಿನಲ್ಲಿ ಸೂಟಿನ ಬಟ್ಟೆ ನೇಯುವ ಮಿಲ್ಲಿಗೆ ಹೇಳಿ ಕರೆಸಿದರು. ಇಲ್ಲಿ ಆ ಕೆಲಸದವರಿಗೆ ಟ್ಯೂನರ್ ಅನ್ನುತ್ತಾರೆ. ಊರಿನಲ್ಲಿ ನನ್ನ ಅವ್ವ ಎಲ್ಲರಿಗೂ ಅಳಿಯ ಲಂಡನ್ನಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ ಅಂತ ಹೇಳಿಕೊಂಡು ತಿರುಗಿದಳು. ಇದು ಲಂಡನ್ನೂ ಅಲ್ಲ, ಹಾರ್ಮೋನಿಯಮ್ಮೂ ಅಲ್ಲ. ಗುಡ್ಡದ ಮೇಲೆ ಕರಿ ಕಲ್ಲಿನ ಮನೆಗಳ ಸಾಲು. ಕೆಳಗೆ ಮಿಲ್ಲು. ನಾನು ಮಗಳನ್ನು ಕಟ್ಟಿಕೊಂಡು ಬಂದಾಗ ಅವಳಿಗೆ ನಾಲ್ಕು ವರ್ಷ. ಆರು ತಿಂಗಳಲ್ಲಿ ಅವಳು ಇಂಗ್ಲಿಷಿನಲ್ಲಿ ಜಗಳ ಆಡತೊಡಗಿದಳು. ನಾನು ಇನ್ನೂ ಆಡಲಾರೆ.

ಮಿಲ್ಲಿನಲ್ಲಿ ಬಣ್ಣದ ಖಾತೆಯಲ್ಲಿ ಕೀತ್ ಅಂತ ಒಬ್ಬ. ಇಲ್ಲಿನ ಕ್ರಿಕೆಟ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವನೂ ಅವನೇ. ಒಂದು ಶನಿವಾರ ಸ್ಕೋರು ಬರೆಯುವವನು ಬರಲಿಲ್ಲ. ಕೀತ್ ಇವರನ್ನು ಕರೆದುಕೊಂಡು ಹೋಗಿ ಕೂರಿಸಿದ. ಇವರಿಗೆ ಆಟ ಬರುತ್ತಿರಲಿಲ್ಲ. ಒಂದು ಕಣ್ಣು ಮೊದಲಿನಿಂದ ಮಬ್ಬು. ಆದರೆ ಗಿರಣಿಯ ಟೀಮಿಗೆ ಊರಿನಲ್ಲೂ ಬರೆದಿದ್ದರು, ಅಕ್ಷರ ಮುತ್ತಿನಂತಿತ್ತು. ಒಂದು ಶನಿವಾರಕ್ಕೆ ಅಂತ ಹೋದವರು ಹತ್ತೊಂಬತ್ತು ವರ್ಷ ಅಲ್ಲೇ ಕೂತರು.

ಕೀತ್ ಇವರನ್ನು ಬಾಸ್ ಅನ್ನುತ್ತಿದ್ದ. ಪೂರ್ತಿ ಹೆಸರು ಅವನ ಬಾಯಿಗೆ ಬರಲಿಲ್ಲ. ನನ್ನನ್ನು ಲವ್ ಅನ್ನುತ್ತಿದ್ದ. ಈ ಕಡೆ ಬಸ್ಸಿನವನೂ ಹಾಗೇ ಅನ್ನುತ್ತಾನೆ. ಮೊದಲ ಸಲ ಕೇಳಿದ ದಿನ ನಾನು ಮನೆಗೆ ಬಂದು ಇವರ ಮುಖ ನೋಡಲಿಲ್ಲ. ಆಮೇಲೆ ವಿಷಯ ಹೇಳಿದೆ. ಇವರು ನಕ್ಕು ನಕ್ಕು ಕೆಮ್ಮಿದರು. "ಅವನು ತನ್ನ ನಾಯಿಗೂ ಹಂಗೇ ಅಂತಾನೆ, ಹೆದರಬ್ಯಾಡ" ಅಂದರು.

ಶನಿವಾರ ಆಟದ ನಡುವೆ ಚಹಾ. ನಾನು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ಕಳಿಸುತ್ತಿದ್ದೆ. ಅವರ ಸ್ಯಾಂಡ್‌ವಿಚ್ಚಿಗಿಂತ ಮೊದಲು ಅದೇ ಖಾಲಿಯಾಗುತ್ತಿತ್ತು.

ಹತ್ತು ವರ್ಷದ ಹಿಂದೆ ಕ್ಲಬ್ಬಿನ ಮಾಡು ಬಿಚ್ಚಿದಾಗ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ಕೆಂಪು ರಟ್ಟಿನ ಸ್ಕೋರ್ ಪುಸ್ತಕ. ಕೀತ್ ಅದನ್ನು ಇವರಿಗೆ ಕೊಟ್ಟ. ಇವರು ಟವೆಲಿನಲ್ಲಿ ಸುತ್ತಿ ಮನೆಗೆ ತಂದರು.

ಅದು 1907ರ ಚಳಿಗಾಲದ್ದು. ಇಂಗ್ಲೆಂಡಿನಿಂದ ಒಂದು ಕ್ರಿಕೆಟ್ ತಂಡ ಹಡಗು ಹತ್ತಿ ಸಿಲೋನ್, ಮದ್ರಾಸ್, ಬೆಂಗಳೂರು, ಪುಣೆ, ಬೊಂಬಾಯಿ ಸುತ್ತಿ ಆಡಿತ್ತು. ಆಡಿದವರೆಲ್ಲ ದೊಡ್ಡ ಮನೆತನದ ಮಕ್ಕಳು. ಅವರ ಪೆಟ್ಟಿಗೆಗಳನ್ನು ಕಾಯಲು, ಸ್ಕೋರು ಬರೆಯಲು ನಮ್ಮ ಈ ಗುಡ್ಡದ ಮಿಲ್ಲಿನ ಗುಮಾಸ್ತನೊಬ್ಬನನ್ನು ಕರೆದುಕೊಂಡು ಹೋಗಿದ್ದರು. ಆರ್ಥರ್ ಬೊಮಾಂಟ್. ಅದೇ ಕ್ಲಬ್ಬಿನ ಸ್ಕೋರರ್. ಇವರು ಕೂರುತ್ತಿದ್ದ ಜಾಗದಲ್ಲಿ ನೂರು ವರ್ಷದ ಹಿಂದೆ ಕೂತವನು.

ಇವರು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿ ದಿನಾ ನೋಡುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾನು ಪಕ್ಕದಲ್ಲಿ ಬೀನ್ಸ್ ಸೋಸುತ್ತಿದ್ದೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಸ್ಕೋರ್ ಪುಸ್ತಕದಲ್ಲಿ ಓದುವುದು ಏನಿದೆ, ಎಲ್ಲ ಚುಕ್ಕಿ. ಓಟ ಬರದ ಚೆಂಡಿಗೆ ಒಂದೊಂದು ಚುಕ್ಕಿ. ಬೆಂಗಳೂರಿನ ಆಟದ ಪುಟ ತೆರೆದಿತ್ತು.

"ಇಲ್ಲಿಂದ ಬರೆದೋರು ಯಾರ್ರೀ?" ಅಂದೆ.

"ಆರ್ಥರ್. ಇಡೀ ಪುಸ್ತಕ ಅವನದೇ."

"ಅಲ್ಲ. ಇಲ್ಲಿತನಕ ಅವನು. ಇಲ್ಲಿಂದ ಬ್ಯಾರೆ ಕೈ."

"ನಿನಗೇನು ಗೊತ್ತಾಗ್ತತಿ ಅದರಾಗೆ?"

"ಚುಕ್ಕಿ ನೋಡ್ರಿ. ಮೊದಲ್ನೇವು ಒತ್ತಿ ಇಟ್ಟು ಎತ್ತಿದ್ದು. ಇವು ಜಾರಿದ್ದು. ಬಾಗಿಲ ಮುಂದೆ ರಂಗೋಲಿ ಯಾರು ಹಾಕಿದ್ದು ಅಂತ ನಾನು ಚುಕ್ಕಿ ನೋಡೇ ಹೇಳ್ತಿದ್ದೆ. ನಮ್ಮವ್ವನವು ಒತ್ತಿದ ಚುಕ್ಕಿ. ನಿಮ್ಮವ್ವನವು ಜಾರಿದ ಚುಕ್ಕಿ."

"ನಮ್ಮವ್ವನ್ನ ಯಾಕೆ ಎಳೀತೀ?" ಅಂದರು. ಎದ್ದು ಹೋಗಿ ಭೂತಗನ್ನಡಿ ತಂದರು. ಬಹಳ ಹೊತ್ತು ಬಗ್ಗಿ ನೋಡಿದರು. ಒಂದು ಓವರಿನ ನಡುವೆ, ಮೂರನೆಯ ಚೆಂಡಿನ ನಂತರ, ಕೈ ಬದಲಾಗಿತ್ತು. ಅಲ್ಲಿಂದ ಬೊಂಬಾಯಿಯ ಕೊನೆಯ ಆಟದವರೆಗೆ ಆರ್ಥರನ ಚುಕ್ಕಿ ಮತ್ತೆ ಬರಲಿಲ್ಲ.

ನಾನು ಆ ದಿನ ಬಾಯಿ ಮುಚ್ಚಿಕೊಂಡು ಬೀನ್ಸ್ ಸೋಸಬೇಕಿತ್ತು.

ಆರ್ಥರನಿಗೆ ಏನಾಯಿತು ಅಂತ ಇವರು ಹುಡುಕಲು ಹೊರಟರು. ಕೀತ್ ಜೊತೆಗೂಡಿದ. ಇಬ್ಬರೂ ಲೈಬ್ರರಿಯಲ್ಲಿ ಹಳೆಯ ಪೇಪರು ತಿರುವಿದರು. ನಾಲ್ಕು ಸಾಲು ಸಿಕ್ಕಿತು. ಬೆಂಗಳೂರಿನಲ್ಲಿ ಆಟ ನಡೆಯುವಾಗ ಜ್ವರದಿಂದ ಕುಸಿದ, ಎರಡನೆಯ ದಿನ ಸತ್ತ, ಅಲ್ಲೇ ಹೂಳಿದರು. ಹೆಂಡತಿ ಹ್ಯಾನಾ. ಪೆಟ್ಟಿಗೆ ಮಾತ್ರ ಮರಳಿ ಬಂತು. ತಂಡದವರು ಮಾರನೆಯ ವಾರ ಪುಣೆಯಲ್ಲಿ ಆಡಿದರು. ಆ ಎರಡನೆಯ ಕೈ ಯಾರದು ಅಂತ ಎಲ್ಲೂ ಬರೆದಿರಲಿಲ್ಲ. ತಂಡದ ಆಟಗಾರನೋ, ದಂಡಿನ ಗುಮಾಸ್ತನೋ, ನಮ್ಮ ಕಡೆಯವನೇ ಯಾರೋ. ಇವರು ಸಾಯುವವರೆಗೂ ಅದನ್ನು ಹುಡುಕಿದರು. "ಒಬ್ಬ ಸತ್ತು ಪುಸ್ತಕದಿಂದ ಹೋದ, ಇನ್ನೊಬ್ಬ ಬದುಕಿದ್ದೂ ಪುಸ್ತಕದಾಗೆ ಇಲ್ಲ" ಅನ್ನುತ್ತಿದ್ದರು.

ನನ್ನ ಅವ್ವ ಸತ್ತಾಗ ಊರಿಗೆ ಹೋದೆವು. ಬರುವಾಗ ಬೆಂಗಳೂರಿನಲ್ಲಿ ಎರಡು ದಿನ ಇವರು ಗೋರಿಗಳ ನಡುವೆ ತಿರುಗಿದರು. ನಾನೂ ಚಪ್ಪಲಿ ಸವೆಸಿದೆ. ಪಾದ್ರಿಗಳ ಆಫೀಸಿನ ರಿಜಿಸ್ಟರಿನಲ್ಲಿ ಹೆಸರಿತ್ತು. ಕಲ್ಲು ಒಡೆದು ಎರಡು ತುಂಡಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಇವರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ನೀರು ಹಾಕಿ ತೇದು, ಕಲ್ಲಿಗೆ ಮೂರು ಬೆರಳು ಎಳೆದರು. ಕಾವಲಿನವನು ಓಡಿ ಬಂದ.

"ಸಾರ್, ಸಾರ್, ಇದು ಕ್ರಿಶ್ಚಿಯನ್ನರದು. ಅವ್ರು ಏನಂದ್ಕೊಂತಾರೆ?"

"ಅವನು ಸ್ಕೋರರ್ ಕಣಪ್ಪ. ಏನೂ ಅನ್ಕಳಲ್ಲ. ಬರಕಳ್ತಾನೆ ಅಷ್ಟೆ."

ಕಾವಲಿನವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ವಾಪಸು ಬರುವಾಗ ವಿಮಾನದಲ್ಲಿ ಹೇಳಿದರು. "ನೀಲಾ, ನಮ್ಮೂರಾಗೆ ಅವನನ್ನ ಅವನ ಪದ್ಧತಿ ಪ್ರಕಾರನೇ ಮಣ್ಣು ಮಾಡಿದಾರೆ. ಪಾದ್ರಿ ಬಂದಾನೆ. ಹೆಸರು ಬರೆದಾರೆ. ಗುರುತಿಲ್ಲದ ಊರಾಗೆ ಒಬ್ಬ ಗುಮಾಸ್ತನಿಗೆ ಅಷ್ಟಾತು. ನನಗೂ ಅವನೂರಾಗೆ ಅಷ್ಟಾದ್ರೆ ಸಾಕು. ಸುಡಿಸಬ್ಯಾಡ. ಲಿಂಗ ಕೈಯಾಗಿಟ್ಟು ಮಣ್ಣಿಗೆ ಕೊಡು."

"ಸಾಯೋ ಮಾತು ವಿಮಾನದಾಗೆ ಆಡಬ್ಯಾಡ್ರಿ" ಅಂದೆ.

ಮಾತು ಮುಗಿಯಿತು. ಆಮೇಲೆ ಇವರು ಕೀತನ ಹತ್ತಿರ ಆ ಮಾತು ಆಡಿದ್ದರಂತೆ, ಅದು ನನಗೆ ಗೊತ್ತಿರಲಿಲ್ಲ. ಮಗಳ ಹತ್ತಿರ ಆಡಲಿಲ್ಲ. ಹೆಣ್ಣುಮಕ್ಕಳ ಮುಂದೆ ಯಾರು ಆಡುತ್ತಾರೆ.

ಆ ಪುಸ್ತಕ ಬಂದ ಮೇಲೆ ಇವರಿಗೆ ಒಂದು ಹಟ ಹಿಡಿಯಿತು. ಆಟದ ನಡುವೆ ಕೈ ಬದಲಾಗಬಾರದು. ಬರೆಯಲು ಕೂತರೆ ನೀರಿಗೂ ಏಳುತ್ತಿರಲಿಲ್ಲ. ಈಗ ಎಲ್ಲರೂ ಟ್ಯಾಬ್ಲೆಟ್ಟಿನಲ್ಲಿ ಒತ್ತುತ್ತಾರೆ. ಇವರು ಅದನ್ನೂ ಒತ್ತುತ್ತಿದ್ದರು, ಪುಸ್ತಕವನ್ನೂ ಬರೆಯುತ್ತಿದ್ದರು. ನನಗೆ ಪಿತ್ತಕೋಶದ ಆಪರೇಷನ್ ಆದ ಶನಿವಾರ ಮೊದಲ ಇನಿಂಗ್ಸ್ ಮುಗಿಸಿಯೇ ಆಸ್ಪತ್ರೆಗೆ ಬಂದರು. ಪ್ರೇರಣಾ ಎರಡು ತಿಂಗಳು ಅವರ ಹತ್ತಿರ ಮಾತು ಬಿಟ್ಟಳು. ನಾನು ಬಿಡಲಿಲ್ಲ. ಬೈದೆ.

ಕೊನೆಯ ಶನಿವಾರವೂ ಮಂಡಕ್ಕಿ, ಬಜ್ಜಿ ಕಟ್ಟಿಕೊಟ್ಟೆ. ಚಹಾ ಆದ ಮೇಲೆ ಎದೆ ಹಿಡಿದಂತಾಯಿತಂತೆ. ಪಕ್ಕದಲ್ಲಿ ಕೂತಿದ್ದವಳು ಎದುರು ತಂಡದ ಸ್ಕೋರರ್, ಶೆರಿಲ್, ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ಅವಳು ಕೇಳಿದ್ದಕ್ಕೆ, ಹೆಂಡತಿ ಕಳಿಸಿದ ಮೆಣಸಿನಕಾಯಿ, ಗ್ಯಾಸು ಅಂದರಂತೆ. ಕೀತ್ ಆಂಬುಲೆನ್ಸಿಗೆ ಫೋನು ಮಾಡುತ್ತೇನೆ ಅಂದ. ಇನಿಂಗ್ಸ್ ಮುಗಿಯಲಿ ಅಂದರು. ಒಂದು ಗಂಟೆಯ ಮೇಲೆ ಹಾಗೇ ಬರೆದರು.

ಭಾನುವಾರ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಪೂರ್ತಿ ಮುಗಿಸಿದರು. ಕೊನೆಯ ಚೆಂಡು ಬರೆದು, ಪೆನ್ನಿಗೆ ಕ್ಯಾಪು ಹಾಕಿ, ಆಮೇಲೆ ಕುಸಿದರು. ನನಗೆ ಸಮಾಧಾನ ಆಗಲಿ ಅಂತ ಹೇಳಿದರು. ನನಗೆ ಸಿಟ್ಟು ಬಂತು. ಮುಗಿಸಿದರೆ ಯಾರು ಉದ್ಧಾರವಾದರು. ಆ ಒಂದು ಗಂಟೆ ಬೇಗ ಒಯ್ದಿದ್ದರೆ ಬದುಕುತ್ತಿದ್ದರು ಅಂತ ಡಾಕ್ಟರು ಹೇಳಲಿಲ್ಲ. ಬದುಕುತ್ತಿರಲಿಲ್ಲ ಅಂತಲೂ ಹೇಳಲಿಲ್ಲ.

ಶುಕ್ರವಾರದ ದಹನದ ವಿಷಯ ನನಗೆ ಗೊತ್ತಾದದ್ದು ಸೋಮವಾರ.

"ಅಮ್ಮ, ಫ್ರೈಡೇ ಎರಡೂವರೆಗೆ ಕ್ರಿಮೆಟೋರಿಯಂ" ಅಂದಳು ಪ್ರೇರಣಾ.

"ಯಾತಕ್ಕೆ?"

"ಅಪ್ಪಾಜಿದು. ದಹನಕ್ಕೆ" ಅಂದಳು.

"ನಿಮ್ಮ ಅಪ್ಪಾಜಿನ ಸುಡಬಾರದು" ಅಂದೆ. "ನಮ್ಮಲ್ಲಿ ಮಣ್ಣು ಮಾಡೋದು. ಅವರೂ ಹಂಗೇ ಹೇಳಿದಾರೆ."

"ಯಾವಾಗ? ಅಪ್ಪಾಜಿ ನೆವರ್ ಟೋಲ್ಡ್ ಮಿ."

"ನನಗೆ ಹೇಳಿದಾರೆ. ವಿಮಾನದಾಗೆ."

"ಅಮ್ಮ, ಇಲ್ಲಿ ಹೂತರೆ ಅವರು ಫಾರ್ ಎವರ್ ಇಲ್ಲೇ. ಆ್ಯಷಸ್ ಆದ್ರೆ ಊರಿಗೆ ತಗೊಂಡು ಹೋಗಬಹುದು. ಹರಿಹರದಲ್ಲಿ ನದಿಗೆ ಬಿಡೋಣ. ಐ ವಾಂಟ್ ಟು ಟೇಕ್ ಹಿಮ್ ಹೋಮ್."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅಪ್ಪನನ್ನು ಈ ಚಳಿಯಲ್ಲಿ ಬಿಡಲು ಅವಳಿಗೆ ಮನಸ್ಸಿಲ್ಲ. ನಾನು ರಾಮಮೂರ್ತಿಯವರಿಗೆ ಫೋನು ಮಾಡಿಸಿದೆ.

"ನೀಲಮ್ಮನವರೇ, ನಿಮ್ಮಲ್ಲಿ ಹೂಳೋದು ಅಂತ ನನಗೆ ಹೊಳೀಲೇ ಇಲ್ಲ. ನಾನು ಕೇಳಬೇಕಿತ್ತು. ಆದ್ರೆ ಇಲ್ಲಿ ನಮ್ಮವರಿಗೆಲ್ಲ ದಹನಾನೇ ಮಾಡಿರೋದು. ಕೂರಿಸಿ ಹೂಳೋಕೆ ಖಂಡಿತ ಬಿಡಲ್ಲ. ಅರ್ಧಂಬರ್ಧ ಪದ್ಧತಿ ಮಾಡೋದಕ್ಕಿಂತ ಹೀಗೇ ಮುಗಿಸೋದು ಒಳ್ಳೇದಲ್ವಾ? ಪ್ರೇರಣಾನೂ ಅದನ್ನೇ ಹೇಳ್ತಾ ಇದಾಳೆ."

ನನ್ನ ಮಾತಿಗೆ ಸಾಕ್ಷಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿ ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಸ್ಕೂಲಿನಲ್ಲಿ ನನ್ನ ಪರವಾಗಿ ಮಾತಾಡಿದವರು ಇವರು. ಈಗ ಇವರ ಪರವಾಗಿ ನಾನು ಮಾತಾಡಬೇಕಿತ್ತು, ನನಗೆ ಬಾಯಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೀತ್ ಬಂದ. ಕೈಯಲ್ಲಿ ಕ್ಲಬ್ಬಿನ ಸ್ಕೋರ್ ಪುಸ್ತಕ. ಕೊನೆಯ ಆಟದ ಪುಟ ತೆರೆದು ಮೇಜಿನ ಮೇಲಿಟ್ಟ. ಅವನು ಆಡಿದ್ದು ಇಂಗ್ಲಿಷಿನಲ್ಲಿ. ನನಗೆ ತಿಳಿದಷ್ಟು ಬರೆಯುತ್ತೇನೆ.

"ನೋಡು ಲವ್. ಬಾಸ್ ಪೂರ್ತಿ ಮುಗಿಸಿದ. ಈ ಪುಟದ ಫೋಟೋ ತೆಗೆದು ಕಟ್ಟು ಹಾಕಿಸಿ ಕ್ಲಬ್ಬಿನ ಗೋಡೆಗೆ ಹಾಕ್ತೀವಿ."

ನಾನು ಕನ್ನಡಕ ಹಾಕಿಕೊಂಡೆ. ಮೂವತ್ತನೆಯ ಓವರಿನಿಂದ ಚುಕ್ಕಿಗಳು ನಡುಗಿದ್ದವು. ಆದರೂ ಅವು ಇವರವೇ. ಇವರೂ ಇವರ ಅವ್ವನ ಹಾಗೆ, ಚುಕ್ಕಿ ಸ್ವಲ್ಪ ಎಡಕ್ಕೆ ಜಾರುತ್ತದೆ. ಮೂವತ್ತೈದು, ಮೂವತ್ತಾರು, ಮೂವತ್ತೇಳು. ಮೂವತ್ತೆಂಟು ಕೊನೆಯ ಓವರು. ಐದು ಚುಕ್ಕಿ, ಕೊನೆಗೆ ಒಂದು ವಿಕೆಟ್ಟಿನ ಗುರುತು. ಮೊದಲ ಎರಡು ಚುಕ್ಕಿ ಇವರವು. ಮೂರನೆಯದು ದುಂಡಗೆ, ಒತ್ತಿ ಇಟ್ಟದ್ದು. ನಾಲ್ಕು, ಐದು, ಗುರುತು, ಎಲ್ಲ ಹಾಗೇ.

ಬೆರಳಿಟ್ಟೆ. "ನಾಟ್ ಹಿಮ್" ಅಂದೆ.

ಕೀತ್ ಕುರ್ಚಿ ಎಳೆದು ಕೂತ. ಅವನಿಗೆ ಎಪ್ಪತ್ತೆರಡು. ಮುಖವನ್ನು ಎರಡು ಕೈಯಿಂದ ಒರೆಸಿಕೊಂಡ.

"ಬಾಸ್ ಹೇಳಿದ್ದ, ನೀನು ಚುಕ್ಕಿ ಓದ್ತೀಯ ಅಂತ. ನನಗೆ ಮರೆತುಹೋಗಿತ್ತು."

ನಡೆದದ್ದು ಇಷ್ಟು. ಎರಡನೆಯ ಚೆಂಡು ಬರೆದು ಇವರು ಮುಂದಕ್ಕೆ ಬಾಗಿದರು. ಬೀಳಲಿಲ್ಲ. ಪೆನ್ನನ್ನು ಶೆರಿಲ್ಲಳ ಕೈಗೆ ಕೊಟ್ಟರು. ಇವರೇ ಕೊಟ್ಟರು. ನೀನು ಬರೆ ಅಂದರು. ನಿನ್ನ ಹೆಸರೂ ಬರೆ ಅಂದರು. ಅವಳು ನೋವಿನಲ್ಲಿ ಏನೋ ಬಡಬಡಿಸುತ್ತಿದ್ದಾರೆ ಅಂದುಕೊಂಡಳು. ಕೀತ್ ಫೋನಿಗೆ ಓಡಿದ. ಮೈದಾನದಲ್ಲಿದ್ದವರಿಗೆ ಗೊತ್ತಿರಲಿಲ್ಲ, ಇನ್ನು ನಾಲ್ಕು ಚೆಂಡು ಆಡಿದರು. ಅವಳು ಅಳುತ್ತಾ ಬರೆದಳು.

ಆ ಹಟಕ್ಕೆ ಜೀವ ಕೊಟ್ಟರು. ಹಟವೂ ಉಳಿಯಲಿಲ್ಲ. ನನಗೆ ಆಗ ಅಳು ಬಂತು. ಮೂರು ದಿನದಿಂದ ಬಾರದ್ದು ಬಂತು. ಕೀತ್ ಎದ್ದು ಕೆಟಲಿಗೆ ನೀರು ಹಾಕಿದ. ಈ ಊರಿನವರಿಗೆ ಸಾವಿಗೂ ಚಹಾ, ಗೆಲುವಿಗೂ ಚಹಾ.

ಚಹಾ ಕುಡಿದು ನಾನು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. "ಕೀತ್. ಯು ಟೆಲ್ ಲೈ. ಓಕೆ. ನೌ ಟೆಲ್ ಒನ್ ಟ್ರೂ. ಬಾಸ್ ಸೇ ಫೈರ್? ಬಾಸ್ ಸೇ ಮಣ್ಣು?"

ಮಣ್ಣಿಗೆ ಇಂಗ್ಲಿಷ್ ತೋಚಲಿಲ್ಲ. ನೆಲ ತೋರಿಸಿದೆ.

ಅವನಿಗೆ ಅರ್ಥವಾಯಿತು. "ನೆಲಕ್ಕೆ" ಅಂದ. "ಆರ್ಥರನ ಹಾಗೆ. ನೂರು ಸಲ ಹೇಳಿದಾನೆ. ಯಾಕೆ, ಸುಡ್ತಾ ಇದೀರಾ?"

"ಮೈ ಡಾಟರ್ ಸೇ ನೋ. ಯು ಟೆಲ್."

ಅವನು ಕೋಟು ಹಾಕಿಕೊಂಡ.

ಬುಧವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪ್ರೇರಣಾ, ರಾಮಮೂರ್ತಿ, ಕೀತ್, ನಾನು. ಕೀತ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಹೇಳಿದ. ಬೆಂಗಳೂರಿನ ಗೋರಿಯ ವಿಷಯ, ವಿಭೂತಿಯ ವಿಷಯ, ಇವರು ಸ್ಕೋರು ಬರೆಯುವ ಕೋಣೆಯಲ್ಲಿ ಎಷ್ಟು ಸಲ ಆ ಮಾತು ಆಡಿದರು ಅನ್ನುವುದು. ಪ್ರೇರಣಾ ಕೇಳಿ ಮುಗಿಸಿದಳು.

"ಹೀ ಟೋಲ್ಡ್ ಯು?" ಅಂದಳು. "ನಿನಗೆ ಹೇಳಿದರು, ನನಗೆ ಹೇಳಲಿಲ್ಲ."

ಕೀತ್ ನನ್ನ ಕಡೆ ನೋಡಿದ.

"ನಿನಗೆ ಹೇಳಿದ್ರೆ ನೀನು ಅಳ್ತಿದ್ದೆ" ಅಂದೆ. "ಇವನಿಗೆ ಹೇಳಿದ್ರೆ ಇವನು ಚಾ ಮಾಡ್ತಿದ್ದ."

ಅವಳಿಗೆ ನಗು ಬಂತು, ಅಳುವೂ ಬಂತು. "ಊರಿಗೆ?" ಅಂದಳು ಕನ್ನಡದಲ್ಲಿ.

"ಊರಾಗೆ ಅವರಪ್ಪ ಇಲ್ಲ, ಅವ್ವ ಇಲ್ಲ, ಗಿರಣಿ ಇಲ್ಲ. ಇಲ್ಲಿ ನೀನಿದೀ."

ಅವಳು ಹೂಂ ಅಂತ ತಲೆಯಾಡಿಸಿದಳು. ರಾಮಮೂರ್ತಿಯವರು ಎದ್ದು ಹೊರಗೆ ಹೋಗಿ ಶುಕ್ರವಾರದ್ದನ್ನು ರದ್ದು ಮಾಡಿಸಿದರು. ಒಳಗೆ ಬಂದು ನನಗೆ ಕೈ ಮುಗಿದರು. "ಇಪ್ಪತ್ತು ವರ್ಷದಲ್ಲಿ ಒಂದು ಸಲ ಕೇಳಿದ್ದರೆ ಆಗ್ತಿತ್ತು" ಅಂದರು. ನಾನೂ ಹೇಳಿರಲಿಲ್ಲವಲ್ಲ.

ಸ್ಮಶಾನದ ಆಫೀಸಿಗೆ ಕೀತ್ ಮತ್ತು ನಾನು ಹೋದೆವು. ಗುಡ್ಡದ ಬದಿಯಲ್ಲಿ, ಕ್ಲಬ್ಬಿನ ಬೆಳಕಿನ ಕಂಬ ಕಾಣುವ ಕಡೆ ಜಾಗ ಕೊಟ್ಟರು. ಕೂರಿಸಲು ಬಿಡಲಿಲ್ಲ. ಪೆಟ್ಟಿಗೆ ಬೇಕೇ ಬೇಕು, ಮಲಗಿಸಲೇಬೇಕು. ಕೀತ್ ಎರಡು ಸಲ ಕೇಳಿದ, ಕೊನೆಗೆ ದನಿ ಏರಿಸಿದ. ಅಲ್ಲಿದ್ದ ಹೆಂಗಸು ಮರ್ಯಾದೆಯಿಂದಲೇ ಇಲ್ಲ ಅಂದಳು. ನಾನು ಬೇಡ ಅಂತ ಅವನ ತೋಳು ಹಿಡಿದೆ. ಬೆಂಕಿ ತಪ್ಪಿತು, ಅಷ್ಟು ಸಾಕು ಅಂದುಕೊಂಡೆ. ಸಾಕಾಗಲಿಲ್ಲ, ಆದರೆ ಅಂದುಕೊಂಡೆ.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಮತ್ತು ಪ್ರೇರಣಾ ಇವರ ಮೈ ತೊಳೆದೆವು. ಬಿಲ್ವಪತ್ರೆ ಲೆಸ್ಟರಿನಿಂದ ಬಂದಿತ್ತು, ಒಣಗಿತ್ತು. ದಾವಣಗೆರೆಯಿಂದ ನಮ್ಮ ಮನೆಯ ಅಯ್ಯನವರು ಫೋನಿನಲ್ಲಿ ಕಾಣಿಸಿಕೊಂಡು ಮಂತ್ರ ಹೇಳಿದರು. ಎರಡು ಸಲ ಕಟ್ಟಾಯಿತು. "ಕೂರಿಸಿಲ್ವೇನಮ್ಮ?" ಅಂದರು. "ಇಲ್ಲ ಅಯ್ಯನೋರೆ, ಬಿಡಲ್ಲ ಇಲ್ಲಿ" ಅಂದೆ. ಅವರು "ಲಿಂಗ ಕೈಯಾಗೈತಲ್ಲ, ನಡೀತತಿ" ಅಂದರು. ನಡೆಯುತ್ತದೆ ಅನ್ನುವುದು ಅವರ ದನಿಯಲ್ಲಿ ಇರಲಿಲ್ಲ.

ಪೆಟ್ಟಿಗೆಯವನು ಕರುಣೆಯ ಮನುಷ್ಯ. ಬೆನ್ನಿನ ಕೆಳಗೆ ಎರಡು ದಿಂಬು ಇಟ್ಟು, ಮುಚ್ಚಳ ತಾಗದಷ್ಟು ಎತ್ತರಿಸಿದ. ನಾನು ಎಡಗೈ ಬಿಡಿಸಿ ಲಿಂಗ ಇಟ್ಟೆ. ಬೆರಳು ಮಡಚಲು ಆಗಲಿಲ್ಲ. ಲಿಂಗ ಕಟ್ಟಿದ್ದ ಶಿವದಾರವನ್ನು ಕೈಗೆ ಸುತ್ತಿದೆ.

ಮಣ್ಣಿಗೆ ಹದಿನೆಂಟು ಜನ ಬಂದಿದ್ದರು. ಹನಿ ಬೀಳುತ್ತಿತ್ತು. ಶೆರಿಲ್ಲಳೂ ಬಂದಿದ್ದಳು. ನನ್ನ ಹತ್ತಿರ ಬರಲು ಹಿಂಜರಿದು ಗೇಟಿನ ಹತ್ತಿರವೇ ನಿಂತಿದ್ದಳು. ಕೀತನಿಗೆ ಮೊದಲೇ ಹೇಳಿದ್ದೆ, ಪುಸ್ತಕ ಕೋಟಿನೊಳಗೆ ತಂದಿದ್ದ. ನಾನು ಅವಳನ್ನು ಕಾರಿನ ಹತ್ತಿರ ಕರೆದುಕೊಂಡು ಹೋದೆ. ಕೀತ್ ಕೊಡೆ ಹಿಡಿದ. ಮೂವತ್ತೆಂಟನೆಯ ಓವರು ತೆರೆದು ಅವಳ ಮೂರನೆಯ ಚುಕ್ಕಿಯ ಪಕ್ಕ ಬೆರಳಿಟ್ಟೆ.

"ಯುವರ್ ನೇಮ್" ಅಂದೆ. "ಬಾಸ್ ನಾಟ್ ಮ್ಯಾಡ್. ಬಾಸ್ ವಾಂಟ್."

ಕೀತ್ ಅವಳಿಗೆ ಮೆಲ್ಲಗೆ ಆರ್ಥರನ ಕಥೆ ಹೇಳಿದ, ಹೆಸರಿಲ್ಲದ ಆ ಎರಡನೆಯ ಕೈಯದನ್ನೂ ಹೇಳಿದ. ಅವಳು ಕೈಚೀಲದಲ್ಲಿ ಪೆನ್ನು ಹುಡುಕಿದಳು. ಇವರ ಪೆನ್ನೇ ಅವಳ ಹತ್ತಿರ ಉಳಿದಿತ್ತು. ಅಂಚಿನಲ್ಲಿ ಸಣ್ಣಗೆ ಹೆಸರು ಬರೆದಳು. ಪೆನ್ನು ನನಗೆ ಕೊಟ್ಟಳು. ನಾನು ಇಟ್ಟುಕೊಂಡೆ.

ಆಮೇಲೆ ಇಳಿಸಿದರು. ಪ್ರೇರಣಾ ಮೊದಲ ಮಣ್ಣು ಹಾಕಿದಳು, ನಾನು ಎರಡನೆಯದು. ಒದ್ದೆ ಮಣ್ಣು, ಕರಿ, ಕೈಗೆ ಅಂಟುವುದು. ರಾಮಮೂರ್ತಿಯವರು ಹಾಕಿದರು. ಕೀತ್ ಮೈದಾನ ಸಮ ಮಾಡುವವನ ಹಾಗೆ ಬಗ್ಗಿ, ಹೆಂಟೆ ಪುಡಿ ಮಾಡಿ ಹಾಕಿದ.

ಬೆಂಗಳೂರಿಗೆ ಹೋದ ಆರ್ಥರನನ್ನು ಅವನ ಜನ ಅವನ ಪದ್ಧತಿಯಂತೆ ಮಲಗಿಸಿದರು. ನಾನು ಇವರನ್ನು ಕೂರಿಸಬೇಕಿತ್ತು. ಎರಡು ದಿಂಬಿನಷ್ಟು ಮಾತ್ರ ಆಯಿತು.